ಒಂದೇ ಬೋರ್‌ವೆಲ್, ಎರಡು ರಿಪೋರ್ಟ್: ಲ್ಯಾಬ್‌ನವರು ಗ್ರಾಫನ್ನೂ ತೋರಿಸಲಿ

ಸಂಪಾದಕರಿಗೆ,

ಮಾನ್ಯರೇ,

ಕುಡಿಯುವ ನೀರಿನ ಫ್ಲೋರೈಡ್ ರಿಪೋರ್ಟ್‌ನಲ್ಲಿ ಈಗ ಇರುವುದರ ಜೊತೆಗೆ ಇನ್ನೆರಡು ಸಾಲು ಸೇರಬೇಕು ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಲೆಕ್ಕಕ್ಕೆ ಬಳಸಿದ ಕ್ಯಾಲಿಬ್ರೇಶನ್ ಗ್ರಾಫ್, ಅಂದರೆ ಮಿಷನ್ ರೀಡಿಂಗನ್ನು ಮಿಲಿಗ್ರಾಂ ಮಾಡುವ ಗೆರೆ, ಎಷ್ಟರಿಂದ ಎಷ್ಟರವರೆಗೆ ಇತ್ತು ಅನ್ನುವುದು ಒಂದು. ನೀರನ್ನು ಎಷ್ಟು ಪಟ್ಟು ಡೈಲ್ಯೂಟ್ ಮಾಡಿ, ಅಂದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ ತೆಳು ಮಾಡಿ, ಓದಿದರು ಅನ್ನುವುದು ಇನ್ನೊಂದು. ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿಸಲೇಬೇಕು ಅಂದರೆ ಬೇರೆ ಏನಾದರೂ ಕತ್ತರಿಸಿ, ಲೆಕ್ಕದ ಭಾಗ ಬಿಡಿ.

ನಾನು ನೀರು ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಮಿಸ್ಟ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಇರುವುದು ಪಾವಗಡ ತಾಲ್ಲೂಕಿನಲ್ಲಿ. ಈ ಕಡೆಯ ನೀರಿನ ಕತೆ ನಿಮ್ಮ ಓದುಗರಿಗೆ ಹೊಸದಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯೆಲ್ಲ ಬೋರ್ ಆಳಕ್ಕೆ ಹೋದ ಹಾಗೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಮಕ್ಕಳ ಹಲ್ಲು ಕಂದಾಗುತ್ತದೆ, ವಯಸ್ಸಾದವರ ಮಂಡಿ, ಸೊಂಟ ಬಗ್ಗುವುದಿಲ್ಲ. ನಮ್ಮ ದೇಶದ ಮಾನದಂಡ, ಅಂದರೆ ಐಎಸ್ 10500, ಲೀಟರಿಗೆ 1.0 ಮಿಲಿಗ್ರಾಂವರೆಗೆ ಇರಬಹುದು ಅನ್ನುತ್ತದೆ. ಬೇರೆ ನೀರು ಸಿಗುವುದೇ ಇಲ್ಲ ಅಂದಾಗ ಮಾತ್ರ 1.5ರವರೆಗೆ. ಅಂದರೆ ಇಲ್ಲಿ ಅರ್ಧ ಮಿಲಿಗ್ರಾಂ ಹೆಚ್ಚುಕಮ್ಮಿಯೂ ದೊಡ್ಡ ವಿಷಯ.

ಈಚೆಗೆ ನಮ್ಮ ಬೀದಿಯ ರೈತರೊಬ್ಬರು ತಮ್ಮ ತೋಟದ ಬೋರ್‌ವೆಲ್‌ನ ಎರಡು ರಿಪೋರ್ಟ್ ತಂದು ಮುಂದಿಟ್ಟರು. ಒಂದರಲ್ಲಿ 1.792 ಅಂತ ಇತ್ತು. ಇನ್ನೊಂದು ಲ್ಯಾಬ್‌ನದರಲ್ಲಿ 3.0. ನೀರು ಅದೇ, ಒಂದೇ ಬೆಳಗ್ಗೆ ಎರಡು ಕ್ಯಾನಿಗೆ ಹಿಡಿದಿದ್ದು. "ಅಕ್ಕಾ, ನೀವು ಇದೇ ಕೆಲಸ ಮಾಡಿದೋರಲ್ವಾ? ಯಾವುದನ್ನ ನಂಬೋದು?" ಅಂದರು. ಅವರ ಯೋಚನೆ ಸರಳವಾಗಿತ್ತು. ಮನೆಯಲ್ಲಿ ಮಳೆನೀರಿನ ತೊಟ್ಟಿ ಇದೆ. ಅರ್ಧ ಮಳೆನೀರು, ಅರ್ಧ ಬೋರ್ ನೀರು ಬೆರೆಸಿ ಕುಡಿದರೆ 1.792 ಅನ್ನುವುದು 0.9 ಆಗುತ್ತದೆ, ಪಾಸ್. ಮೊದಲನೇ ರಿಪೋರ್ಟ್ ನಿಜವಾಗಿದ್ದರೆ ಅವರ ಲೆಕ್ಕ ಸರಿಯೇ. ಎರಡನೆಯದು ನಿಜವಾಗಿದ್ದರೆ ಬೆರೆಸಿದ ನೀರಿನಲ್ಲೂ 1.5 ಇರುತ್ತದೆ. ಅದನ್ನೇ ದಿನಾ ಮೊಮ್ಮಕ್ಕಳಿಗೆ ಕುಡಿಸಿದ ಹಾಗೆ ಆಗುತ್ತಿತ್ತು.

ಮೂರು ದಶಮಾಂಶ ಇರುವುದೇ ಸರಿ ಇರಬೇಕು ಅಂತ ಅವರ ಮಗನ ವಾದ. ಕಾಲೇಜು ಓದಿದ ಹುಡುಗ.

ಮೊದಲನೇ ಲ್ಯಾಬ್‌ಗೆ ನಾನೇ ಹೋದೆ. ಹೆಸರು ಬೇಡ. ಅಲ್ಲಿದ್ದ ಹುಡುಗ ಒಳ್ಳೆಯವನು, ಕೇಳಿದ ತಕ್ಷಣ ರಿಜಿಸ್ಟರ್ ತೆಗೆದು ತೋರಿಸಿದ. ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಯಾಕೆಂದರೆ ನೀರಿನ ರಿಪೋರ್ಟ್ ಓದುವ ಬಹಳ ಜನಕ್ಕೆ ಮಿಷನ್ನೇ ಫ್ಲೋರೈಡ್ ಅಳೆಯುತ್ತದೆ ಅನ್ನುವ ಭಾವನೆ ಇದೆ. ಇಲ್ಲ. ಸ್ಪೆಕ್ಟ್ರೋಫೋಟೋಮೀಟರ್‌ಗೆ ಫ್ಲೋರೈಡ್ ಗೊತ್ತಿಲ್ಲ, ಕಬ್ಬಿಣ ಗೊತ್ತಿಲ್ಲ, ನೈಟ್ರೇಟ್ ಗೊತ್ತಿಲ್ಲ. ಅದು ಒಂದು ಬಣ್ಣದ ಬೆಳಕು ಬಿಡುತ್ತದೆ. ಒಂದು ಸೆಂಟಿಮೀಟರ್ ಅಗಲದ ಕ್ಯುವೆಟ್ ಅನ್ನುವ ಪುಟ್ಟ ಪಾತ್ರೆಯಲ್ಲಿರುವ ದ್ರವ ಎಷ್ಟು ಬೆಳಕು ನುಂಗಿತು ಅಂತ ನೋಡುತ್ತದೆ. ಅದೇ ಅಬ್ಸಾರ್ಬೆನ್ಸ್. 1 ಅಂದರೆ ಹತ್ತರಲ್ಲಿ ಒಂದು ಪಾಲು ಬೆಳಕು ಆಚೆ ಬಂತು, 2 ಅಂದರೆ ನೂರರಲ್ಲಿ ಒಂದು ಪಾಲು. ಅಷ್ಟೇ ಅದರ ಕೆಲಸ. ಆ ಸಂಖ್ಯೆಯನ್ನು ಮಿಲಿಗ್ರಾಂ ಮಾಡುವುದು ಗ್ರಾಫ್. ಗ್ರಾಫ್ ಮಾಡುವುದು ಮನುಷ್ಯರು.

ಗ್ರಾಫ್ ಹಾಕುವುದು ಹೀಗೆ. ಫ್ಲೋರೈಡ್ ಎಷ್ಟಿದೆ ಅಂತ ನಮಗೆ ಮೊದಲೇ ಗೊತ್ತಿರುವ ನೀರನ್ನು ನಾವೇ ತಯಾರಿಸುತ್ತೇವೆ. 221 ಮಿಲಿಗ್ರಾಂ ಒಣ ಸೋಡಿಯಂ ಫ್ಲೋರೈಡ್ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಹಾಕಿದರೆ ಅದರಲ್ಲಿ 100 ಮಿಲಿಗ್ರಾಂ ಫ್ಲೋರೈಡ್. ಅದನ್ನು ಹತ್ತು ಪಟ್ಟು ತೆಳು ಮಾಡಿ, ಅದರಿಂದ 0, 0.2, 0.4 ಹೀಗೆ 1.4ರವರೆಗೆ ಸ್ಟ್ಯಾಂಡರ್ಡ್‌ಗಳು. ಎಲ್ಲವನ್ನೂ ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಬೇಕು, ಫ್ಲೋರೈಡ್‌ಗೂ ಗಾಜಿಗೂ ಆಗಿಬರುವುದಿಲ್ಲ. ಪ್ರತಿ 50 ಮಿಲಿಲೀಟರ್‌ಗೆ 10 ಮಿಲಿಲೀಟರ್ ಸ್ಪಾಡ್ನ್ಸ್ ಅನ್ನುವ ಬಣ್ಣ ಮತ್ತು ಜಿರ್ಕೋನಿಯಂ ಅನ್ನುವ ಲೋಹ ಸೇರಿದ ಕೆಂಪು ರೀಏಜೆಂಟ್ (ಪರೀಕ್ಷೆಯ ದ್ರವ) ಹಾಕಿ 570 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ.

ಬೇರೆ ಪರೀಕ್ಷೆಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಬ್ಬಿಣದ ಪರೀಕ್ಷೆಯಲ್ಲಿ ಕಬ್ಬಿಣ ಜಾಸ್ತಿಯಾದರೆ ಬಣ್ಣವೂ ಜಾಸ್ತಿ. ಗೆರೆ ಮೇಲಕ್ಕೆ ಏರುತ್ತದೆ. ಸ್ಪಾಡ್ನ್ಸ್‌ನಲ್ಲಿ ಉಲ್ಟಾ. ಬಣ್ಣ ಮೊದಲೇ ಇರುತ್ತದೆ. ಫ್ಲೋರೈಡ್ ಬಂದು ಬಣ್ಣದ ಜೊತೆ ಕೂತಿದ್ದ ಜಿರ್ಕೋನಿಯಂ ಅನ್ನು ಕಿತ್ತುಕೊಂಡು ಹೋಗುತ್ತದೆ, ಬಣ್ಣ ಮಾಸುತ್ತದೆ. ಫ್ಲೋರೈಡ್ ಜಾಸ್ತಿಯಾದಷ್ಟೂ ರೀಡಿಂಗ್ ಕಮ್ಮಿ. ಗೆರೆ ಕೆಳಕ್ಕೆ ಇಳಿಯುತ್ತದೆ.

ಆ ಹುಡುಗನ ಗೆರೆ ಚೆನ್ನಾಗಿಯೇ ಇತ್ತು. ಫ್ಲೋರೈಡ್ ಇಲ್ಲದ ಬ್ಲಾಂಕ್ 0.620. ಒಂದು ಮಿಲಿಗ್ರಾಂ ಸ್ಟ್ಯಾಂಡರ್ಡ್ 0.380. ಅಂದರೆ ಪ್ರತಿ ಮಿಲಿಗ್ರಾಂಗೆ 0.240 ಇಳಿಯುತ್ತದೆ. ಕೊನೆಯ ಸ್ಟ್ಯಾಂಡರ್ಡ್ 1.4, ಅದರ ರೀಡಿಂಗ್ 0.284. ಇನ್ನು ಲೆಕ್ಕ ಸುಲಭ. ಸ್ಯಾಂಪಲ್‌ನ ರೀಡಿಂಗನ್ನು 0.620ರಲ್ಲಿ ಕಳೆದು 0.240ರಿಂದ ಭಾಗಿಸುವುದು. ಒಂದು ಸ್ಯಾಂಪಲ್ 0.404 ಓದಿತು ಅಂದುಕೊಳ್ಳಿ. 0.620ರಲ್ಲಿ ಅದನ್ನು ಕಳೆದರೆ 0.216. ಅದನ್ನು 0.240ರಿಂದ ಭಾಗಿಸಿದರೆ 0.90 ಮಿಲಿಗ್ರಾಂ. ಈ ಉತ್ತರವನ್ನು ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ. ಯಾಕೆಂದರೆ 0.404 ಅನ್ನುವುದು 0.620ಕ್ಕೂ 0.284ಕ್ಕೂ ನಡುವೆ ಇದೆ. ಎರಡೂ ಕಡೆ ನಾವೇ ಅಳೆದು ಇಟ್ಟ ಸ್ಟ್ಯಾಂಡರ್ಡ್‌ಗಳಿವೆ.

ನಮ್ಮ ರೈತರ ನೀರು ಓದಿದ್ದು 0.190. ಕಂಪ್ಯೂಟರ್ ಅದನ್ನೂ ಅದೇ ಲೆಕ್ಕಕ್ಕೆ ಹಾಕಿತ್ತು. 0.430 ಭಾಗಿಸು 0.240, ಉತ್ತರ 1.792. ರಿಪೋರ್ಟ್ ಪ್ರಿಂಟ್ ಆಯಿತು, ಸೀಲ್ ಬಿತ್ತು.

ಆದರೆ ಗೆರೆ 0.284ಕ್ಕೇ ಮುಗಿದಿತ್ತು. ಅದರ ಕೆಳಗೆ ಯಾರೂ ಏನೂ ಅಳೆದಿಲ್ಲ. ಅಲ್ಲಿಂದಾಚೆಗೂ ಗೆರೆ ನೆಟ್ಟಗೇ ಹೋಗುತ್ತದೆ ಅಂತ ಕಂಪ್ಯೂಟರ್ ಅಂದುಕೊಂಡಿತು, ಅಷ್ಟೇ. ನಿಜಕ್ಕೂ ಅದು ನೆಟ್ಟಗೆ ಹೋಗುವುದಿಲ್ಲ. ಈ ಪರೀಕ್ಷೆಯಲ್ಲಿ ಮಿಷನ್‌ಗೆ ಸೊನ್ನೆ ಹೇಳಿಕೊಡುವುದು ಬಣ್ಣ ಮತ್ತು ಆಸಿಡ್ ಇರುವ, ಜಿರ್ಕೋನಿಯಂ ಇಲ್ಲದ ದ್ರವದಿಂದ. ನೀರಿನ ಫ್ಲೋರೈಡ್ ಎಲ್ಲ ಜಿರ್ಕೋನಿಯಂ ಕಿತ್ತುಕೊಂಡು ಮುಗಿಸಿದ ಮೇಲೆ ಬಣ್ಣ ಆ ಸೊನ್ನೆಯ ಹತ್ತಿರ ಹೋಗಿ ನಿಂತುಬಿಡುತ್ತದೆ. ಇನ್ನೂ ಎಷ್ಟು ಫ್ಲೋರೈಡ್ ಸುರಿದರೂ ಮಾಸಲು ಏನೂ ಉಳಿದಿರುವುದಿಲ್ಲ. ಹತ್ತು ಕೆಜಿಯ ಸ್ಪ್ರಿಂಗ್ ತಕ್ಕಡಿಗೆ ಐವತ್ತು ಕೆಜಿ ಮೂಟೆ ನೇತುಹಾಕಿದ ಹಾಗೆ. ಮುಳ್ಳು ಕೊನೆಗೆ ಹೋಗಿ ಕೂರುತ್ತದೆ, ಆಮೇಲೆ ಅದು ತೋರಿಸುವುದಕ್ಕೆ ಅರ್ಥ ಇಲ್ಲ.

ಇದನ್ನು ಬೇರೆ ರೀತಿಯಲ್ಲೂ ನೋಡಬಹುದು. ಆ ಲ್ಯಾಬ್‌ನ ಲೆಕ್ಕದಲ್ಲಿ ರೀಡಿಂಗ್ ಪೂರ್ತಿ ಸೊನ್ನೆಗೆ ಬಂದರೂ ಉತ್ತರ 0.620 ಭಾಗಿಸು 0.240, ಅಂದರೆ 2.58. ಅಂದರೆ ಡೈಲ್ಯೂಟ್ ಮಾಡದೆ ಓದಿದರೆ ಆ ಲ್ಯಾಬ್ 2.58ಕ್ಕಿಂತ ದೊಡ್ಡ ಸಂಖ್ಯೆ ಬರೆಯಲು ಸಾಧ್ಯವೇ ಇಲ್ಲ. 4 ಮಿಲಿಗ್ರಾಂ ನೀರು ತಂದರೂ ಎರಡು ಚಿಲ್ಲರೆ, 8 ಮಿಲಿಗ್ರಾಂ ತಂದರೂ ಎರಡು ಚಿಲ್ಲರೆ. ನೀರು ಕೆಟ್ಟಷ್ಟೂ ರಿಪೋರ್ಟ್ ಅದನ್ನು ಜಾಸ್ತಿ ಮುಚ್ಚಿಡುತ್ತದೆ. ನನಗೆ ಭಯ ಹುಟ್ಟಿಸುವುದು ಇದೇ. ಪಿಪೆಟ್ ಕೈಕೊಟ್ಟರೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗುತ್ತದೆ. ಈ ತಪ್ಪು ಯಾವಾಗಲೂ ಒಂದೇ ಕಡೆಗೆ, ನೀರು ವಾಸಿ ಅನ್ನಿಸುವ ಕಡೆಗೇ ಹೋಗುತ್ತದೆ.

ಹುಡುಗನಿಗೆ ಅಲ್ಲೇ ಮಾಡಲು ಹೇಳಿದೆ. ರೈತರ ನೀರು 10 ಮಿಲಿಲೀಟರ್ ತೆಗೆದುಕೊಂಡು ಡಿಸ್ಟಿಲ್ಡ್ ವಾಟರ್ ಸೇರಿಸಿ 50 ಮಾಡು, ಅದೇ ರೀಏಜೆಂಟ್, ಅದೇ ಮಿಷನ್. 0.476 ಬಂತು. ಗ್ರಾಫಿನಿಂದ 0.60. ಐದು ಪಟ್ಟು ತೆಳು ಮಾಡಿದ್ದಕ್ಕೆ ಐದರಿಂದ ಗುಣಿಸಿದರೆ 3.0. ಇನ್ನೊಂದು ಸಲ 5 ಮಿಲಿಲೀಟರನ್ನು 50 ಮಾಡಿದೆವು. 0.546, ಗ್ರಾಫಿನಿಂದ 0.31, ಹತ್ತರಿಂದ ಗುಣಿಸಿದರೆ 3.1. ಎರಡು ಬೇರೆ ಬೇರೆ ಡೈಲ್ಯೂಶನ್ ಹತ್ತಿರ ಹತ್ತಿರದ ಉತ್ತರ ಕೊಟ್ಟರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಎರಡನೇ ಲ್ಯಾಬ್‌ನವರು ಸರಿ ಹೇಳಿದ್ದರು. ಮೊದಲನೆಯವರ ಮಿಷನ್ನೂ ಸರಿ, ಕೆಮಿಕಲ್ಲೂ ಸರಿ, ಗ್ರಾಫೂ ಸರಿ. ಗ್ರಾಫ್ ಎಲ್ಲಿಗೆ ಮುಗಿಯಿತು ಅಂತ ಮಾತ್ರ ಯಾರೂ ನೋಡಿರಲಿಲ್ಲ.

"ಮೇಡಂ, ಆರ್ ಸ್ಕ್ವೇರ್ 0.999 ಇತ್ತಲ್ಲಾ" ಅಂದ ಹುಡುಗ. ಇದನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಆರ್ ಸ್ಕ್ವೇರ್ ಹೇಳುವುದು ನಾವು ಅಳೆದ ಚುಕ್ಕೆಗಳು ಗೆರೆಗೆ ಎಷ್ಟು ಹತ್ತಿರ ಕೂತಿವೆ ಅಂತ ಮಾತ್ರ, 1 ಅಂದರೆ ಎಲ್ಲವೂ ಗೆರೆಯ ಮೇಲೇ. ಗೆರೆಯ ಆಚೆ ಏನಿದೆ ಅಂತ ಅದಕ್ಕೇನು ಗೊತ್ತು?

ದಶಮಾಂಶದ ವಿಷಯವನ್ನೂ ಹೇಳಿಬಿಡುತ್ತೇನೆ, ರೈತರ ಮಗನ ಸಲುವಾಗಿ. ಈ ಗ್ರಾಫಿನಲ್ಲಿ ರೀಡಿಂಗ್ 0.005 ಆಚೀಚೆಯಾದರೆ ಉತ್ತರ 0.02 ಆಚೀಚೆ. ಕ್ಯುವೆಟ್ ಮೇಲೆ ಬೆರಳಿನ ಗುರುತು ಬಿದ್ದರೆ ಸಾಕು, ಅಷ್ಟು ಹೋಗುತ್ತದೆ. ಐದು ಪಟ್ಟು ಡೈಲ್ಯೂಟ್ ಮಾಡಿದ್ದರೆ ಆ 0.02 ಕೂಡ ಐದು ಪಟ್ಟಾಗಿ 0.1 ಆಗುತ್ತದೆ. ಅದಕ್ಕೇ 3.0 ಅಂತ ಬರೆದವರು ಪ್ರಾಮಾಣಿಕರು. 1.792ರಲ್ಲಿರುವ 9 ಮತ್ತು 2 ಕ್ಯಾಲ್ಕುಲೇಟರ್‌ನದು, ನೀರಿನದಲ್ಲ.

ಸ್ಪಾಡ್ನ್ಸ್ ವಿಧಾನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಗ್ಗ, ಬೇಗ ಆಗುತ್ತದೆ, ತಾಲ್ಲೂಕು ಮಟ್ಟದ ಲ್ಯಾಬ್‌ಗೂ ಎಟುಕುತ್ತದೆ. ಆದರೆ ಅದಕ್ಕೆ ಕೆಲವು ಹಟಗಳಿವೆ. ಬೇರೆ ಪರೀಕ್ಷೆಗಳಲ್ಲಿ ರೀಏಜೆಂಟ್ ಒಂದೆರಡು ಹನಿ ಜಾಸ್ತಿಯಾದರೆ ಏನೂ ಆಗುವುದಿಲ್ಲ. ಇಲ್ಲಿ ಬಣ್ಣವೇ ರೀಏಜೆಂಟ್‌ನದು. 10 ಮಿಲಿಲೀಟರ್ ಬದಲು 9.8 ಬಿದ್ದರೆ ಬಣ್ಣ ಅಷ್ಟು ಕಮ್ಮಿ, ಬಣ್ಣ ಕಮ್ಮಿ ಅಂದರೆ ಇಲ್ಲದ ಫ್ಲೋರೈಡ್ ಇದೆ ಅಂತ ಲೆಕ್ಕ. ಅಳತೆ ಸಿಲಿಂಡರ್‌ನಲ್ಲಿ ಸುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಪಿಪೆಟ್ ಹಿಡಿಯಿರಿ. ಬಿಸಿಲಿನಲ್ಲಿ ಬಂದ ಸ್ಯಾಂಪಲ್ ಮತ್ತು ಒಳಗಿಟ್ಟ ಸ್ಟ್ಯಾಂಡರ್ಡ್ ಒಂದೇ ಉಷ್ಣತೆಗೆ ಬರುವವರೆಗೂ ಕಾಯಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದೂ ಬಣ್ಣ ತಿನ್ನುತ್ತದೆ, ಮೊದಲು ತೆಗೆಯಬೇಕು. ರೀಏಜೆಂಟ್ ಹೊಸದಾಗಿ ಮಾಡಿದರೆ ಗ್ರಾಫೂ ಹೊಸದಾಗಿ ಹಾಕಬೇಕು. ಗೋಡೆಗೆ ಅಂಟಿಸಿದ ಹಳೇ ಗ್ರಾಫಿನಲ್ಲಿ ವರ್ಷಗಟ್ಟಲೆ ಲೆಕ್ಕ ಮಾಡುವ ಜಾಗಗಳೂ ಇವೆ.

ಇವೆಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾಗಿರುವುದು ಅಲ್ಯುಮಿನಿಯಂ ವಿಷಯದಲ್ಲಿ. ಇದನ್ನು ಯಾರೂ ಮಾತಾಡುವುದಿಲ್ಲ. ಆಲಂ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನ ಇದೆ, ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ಯವರು (NEERI) ರೂಪಿಸಿದ್ದು. ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಫಿಲ್ಟರ್‌ಗಳೂ ಇವೆ. ಎರಡರಿಂದಲೂ ನೀರಿಗೆ ಸ್ವಲ್ಪ ಅಲ್ಯುಮಿನಿಯಂ ಉಳಿದು ಬರಬಹುದು. ಅದು ಫ್ಲೋರೈಡನ್ನು ಹಿಡಿದುಕೊಂಡು ಕೂರುತ್ತದೆ, ಜಿರ್ಕೋನಿಯಂ ಹತ್ತಿರ ಹೋಗಲು ಬಿಡುವುದಿಲ್ಲ. ರೀಏಜೆಂಟ್ ಹಾಕಿದ ತಕ್ಷಣ ಓದಿದರೆ ಲೀಟರಿಗೆ 0.1 ಮಿಲಿಗ್ರಾಂ ಅಲ್ಯುಮಿನಿಯಂ ಇದ್ದರೂ ಉತ್ತರ ಕಮ್ಮಿ ಬರುತ್ತದೆ. ಎರಡು ಗಂಟೆ ಬಿಟ್ಟು ಓದಿದರೆ 3 ಮಿಲಿಗ್ರಾಂ ಅಲ್ಯುಮಿನಿಯಂವರೆಗೂ ತೊಂದರೆ ಇಲ್ಲ. ಅಂದರೆ ಫಿಲ್ಟರ್ ಕೆಲಸ ಮಾಡುತ್ತಿದೆಯಾ ಅಂತ ನೋಡಲು ತಂದ ನೀರನ್ನು ಅವಸರದಲ್ಲಿ ಓದಿದರೆ ಫಿಲ್ಟರ್ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮಾರುವವರಿಗೆ ಖುಷಿ, ಕುಡಿಯುವವರಿಗೆ ಅಲ್ಲ.

ಊರುಗಳಲ್ಲಿ ಈಗ ಜಲಜೀವನ್ ಮಿಷನ್‌ನಿಂದ ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ತರಬೇತಿ ಕೊಟ್ಟಿದ್ದಾರೆ. ಒಳ್ಳೆಯ ಕೆಲಸ. ಹನಿ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸಿ ನೋಡುವುದು. ಆ ಕಾರ್ಡು ಕೂಡ ಒಂದು ಕ್ಯಾಲಿಬ್ರೇಶನ್ ಗ್ರಾಫೇ, ಮಿಷನ್ ಬದಲು ಕಣ್ಣು. ನಮ್ಮೂರಿನ ಅಂಥ ಒಬ್ಬ ತಂಗಿ ಬಣ್ಣ ಕಾರ್ಡಿನ ಕೊನೇ ಚೌಕ ದಾಟಿದರೆ ಸಂಖ್ಯೆ ಬರೆಯುವುದಿಲ್ಲ. "ಕಾರ್ಡಿಗಿಂತ ಜಾಸ್ತಿ, ಲ್ಯಾಬ್‌ಗೆ ಕಳಿಸಿ" ಅಂತ ಬರೆಯುತ್ತಾಳೆ. ಲಕ್ಷಗಟ್ಟಲೆ ಬೆಲೆಯ ಮಿಷನ್ ಇಟ್ಟುಕೊಂಡವರು ಅಷ್ಟು ಬರೆದರೆ ಸಾಕಿತ್ತು.

ಕಾಲೇಜಿನ ಮೇಷ್ಟ್ರುಗಳಿಗೂ ಒಂದು ಮಾತು. ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಇಟ್ಟು ಬಿಯರ್-ಲ್ಯಾಂಬರ್ಟ್ ನಿಯಮ ಮಾಡಿಸುತ್ತೀರಿ. ಅನ್‌ನೋನ್ ಸ್ಯಾಂಪಲ್ ಯಾವಾಗಲೂ ಗ್ರಾಫಿನ ಮಧ್ಯಕ್ಕೇ ಬೀಳುವ ಹಾಗೆ ಮಾಡಿಕೊಡುತ್ತೀರಿ. ಮಕ್ಕಳಿಗೆ ಅದೇ ಅಭ್ಯಾಸ ಆಗುತ್ತದೆ. ಒಂದು ಸಲವಾದರೂ ಬೇಕಂತಲೇ ಗಾಢವಾದ ಸ್ಯಾಂಪಲ್ ಕೊಡಿ. ಅದನ್ನು ಡೈಲ್ಯೂಟ್ ಮಾಡದೆ ಉತ್ತರ ಬರೆದವರಿಗೆ ಮಾರ್ಕ್ಸ್ ಕೊಡಬೇಡಿ. ಎಕ್ಸೆಲ್‌ನಲ್ಲಿ ಗೆರೆ ಸೊನ್ನೆಯಿಂದಲೇ ಹೊರಡಲಿ ಅಂತ ಟಿಕ್ ಹಾಕುವ ಅಭ್ಯಾಸವನ್ನೂ ಬಿಡಿಸಿ. ಸ್ಪಾಡ್ನ್ಸ್ ಗ್ರಾಫ್ 0.620ರಿಂದ ಹೊರಟು ಕೆಳಗೆ ಇಳಿಯುತ್ತದೆ, ಅದಕ್ಕೆ ಸೊನ್ನೆ ಕಟ್ಟಿದರೆ ಏನಾಗುತ್ತದೆ ಅಂತ ಒಮ್ಮೆ ಮಾಡಿ ನೋಡಲಿ. ಇನ್ನೊಂದು ಎಡವಟ್ಟು: ಎಕ್ಸೆಲ್ ಕೊಡುವ ಸಮೀಕರಣದಲ್ಲಿ ವೈ ಅಂದರೆ ಅಬ್ಸಾರ್ಬೆನ್ಸ್. ನಮಗೆ ಬೇಕಾಗಿರುವುದು ಎಕ್ಸ್. ಎಷ್ಟೋ ಮಕ್ಕಳು ರೀಡಿಂಗನ್ನು ಎಕ್ಸ್ ಜಾಗಕ್ಕೆ ಹಾಕಿ, ಬಂದ ಉತ್ತರವನ್ನು ಸುಮ್ನೆ ಬರೆದುಕೊಂಡು ಹೋಗುತ್ತಾರೆ. ನಾಳೆ ಲ್ಯಾಬ್‌ಗಳಲ್ಲಿ ಕೂರುವವರು ಇದೇ ಮಕ್ಕಳು ಅಲ್ವಾ?

ಲ್ಯಾಬ್‌ಗಳಿಂದ ನಾನು ಕೇಳುತ್ತಿರುವುದಕ್ಕೆ ಒಂದು ಪೈಸೆ ಖರ್ಚಿಲ್ಲ. "ಗ್ರಾಫ್ 0ಯಿಂದ 1.4, ಡೈಲ್ಯೂಶನ್ 5 ಪಟ್ಟು" ಅಂತ ಇರಲಿ. ಡೈಲ್ಯೂಟ್ ಮಾಡಲು ಆಗಲಿಲ್ಲವಾದರೆ "1.4ಕ್ಕಿಂತ ಜಾಸ್ತಿ" ಅಂತ ಬರೆಯಿರಿ. ಅದು ಸೋಲಲ್ಲ, ಸರಿಯಾದ ಉತ್ತರ. ಜಾಸ್ತಿ ಫ್ಲೋರೈಡ್ ಇರುವ ಕಡೆ, ಬಣ್ಣದ ಬದಲು ವಿದ್ಯುತ್ ಸಂಕೇತದಿಂದ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಕೊಳ್ಳಲು ಶಕ್ತಿಯಿದ್ದರೆ ಕೊಳ್ಳಿ, ಅದರ ವ್ಯಾಪ್ತಿ ದೊಡ್ಡದು. ಆದರೆ ಅದಕ್ಕೂ ಸ್ಟ್ಯಾಂಡರ್ಡ್ ಬೇಕು, ಅದಕ್ಕೂ ಗ್ರಾಫ್ ಬೇಕು.

ಶುದ್ಧ ನೀರಿನ ಘಟಕಗಳ ಗೋಡೆಗೆ ರಿಪೋರ್ಟ್ ಅಂಟಿಸುವ ಪಂಚಾಯಿತಿಯವರು ಕಚ್ಚಾ ನೀರಿನದು ಮತ್ತು ಶುದ್ಧ ಮಾಡಿದ ನೀರಿನದು ಎರಡನ್ನೂ ಅಂಟಿಸಲಿ. ಡೈಲ್ಯೂಶನ್ ಬೇಕಾಗುವುದು ಕಚ್ಚಾ ನೀರಿಗೇ. ಒಳಗೆ ಎಷ್ಟು ಹೋಗುತ್ತಿದೆ ಅಂತ ಸರಿಯಾಗಿ ಗೊತ್ತಿಲ್ಲದಿದ್ದರೆ ಘಟಕ ಎಷ್ಟು ತೆಗೆಯಿತು ಅಂತ ಲೆಕ್ಕ ಹಾಕುವುದು ಹೇಗೆ?

ಇನ್ನು ನಿಮ್ಮ ಜಿಲ್ಲಾ ವರದಿಗಾರರಿಗೆ ನನ್ನದೊಂದು ಕೋರಿಕೆ. ಅವರು ಬೇಸಿಗೆಯಲ್ಲಿ ಫ್ಲೋರೈಡ್ ಸುದ್ದಿ ಬರೆಯುತ್ತಾರೆ, ಊರು ಊರಿನ ಸಂಖ್ಯೆ ಹಾಕುತ್ತಾರೆ. ಆ ಪಟ್ಟಿಯಲ್ಲಿ ಊರು ಬದಲಾದರೂ ಸಂಖ್ಯೆ 2ರ ಆಸುಪಾಸಿನಲ್ಲೇ ನಿಂತಿದ್ದರೆ, ಅಚ್ಚಿಗೆ ಕಳಿಸುವ ಮುಂಚೆ ಲ್ಯಾಬ್‌ಗೆ ಒಂದು ಫೋನ್ ಮಾಡಿ ಡೈಲ್ಯೂಟ್ ಮಾಡಿದ್ರಾ ಅಂತ ಕೇಳಲಿ. ಇಲ್ಲ ಅಂದರೆ ಸಂಖ್ಯೆ ಹಾಕುವುದು ಬೇಡ, ಗ್ರಾಫ್ ದಾಟಿದೆ ಅಂತ ಬರೆಯಲಿ.

ಇಂತಿ,
ನಿವೃತ್ತ ಕೆಮಿಸ್ಟ್,
ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ